ಶಲ್ಯದ ಹನ್ನೊಂದನೆಯ ಗಂಟು

ಚಕ್ಕಡಿಯ ಅಚ್ಚು ಮುರಿಯಬಹುದಿತ್ತು. ಮುರಿಯದಿದ್ದರೆ ಎತ್ತು ಬೆದರಬಹುದಿತ್ತು. ಘಟಪ್ರಭೆಗೆ ಮೇಲಿನ ಮಳೆಯ ನೀರು ಒಮ್ಮೆಲೇ ಏರಿ, ನಾನು ಈ ದಂಡೆಯಲ್ಲಿ, ತುಕ್ಕಾನಟ್ಟಿ ಆ ದಂಡೆಯಲ್ಲಿ ಉಳಿಯಬಹುದಿತ್ತು. ದಾರಿಯಲ್ಲಿ ಹೊಟ್ಟೆ ಕೆಡಬಹುದಿತ್ತು. ಕೆಟ್ಟ ದಿನಗಳ ಸುದ್ದಿ ನನ್ನ ಹೊಟ್ಟೆಗೆ ಪಂಚಾಂಗದವರಿಗಿಂತ ಮೊದಲೇ ಮುಟ್ಟುತ್ತದೆ. ತುಕ್ಕಾನಟ್ಟಿಯ ಓಣಿಯಲ್ಲಿದ್ದ ಆ ಕಂದು ನಾಯಿ ಇನ್ನೂ ಬದುಕಿರಬಹುದಿತ್ತು. ನನ್ನ ಗೆಳೆಯ ಈರಪ್ಪನ ಅಣ್ಣ ಗುರಪ್ಪ ಬಾಗಿಲಲ್ಲೇ ನಿಂತು, "ಹಾಸಿಗಿ ಹಿಡಿದಾಂವನ ಬಾಜೂಕ ಕುಂತು ಧರ್ಮಾ ಬಿಡಸಾಕ ಬಂದ್ಯೇನು?" ಎಂದು ಕೇಳಬಹುದಿತ್ತು. ಓಣಿಯ ಜನ ಕೂಡಬಹುದಿತ್ತು. ಈರಪ್ಪ ನಿದ್ದೆಯಲ್ಲಿರಬಹುದಿತ್ತು. ಎಚ್ಚರವಿದ್ದರೂ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿರಬಹುದಿತ್ತು. ಅಥವಾ ನಾನು ಮುಟ್ಟುವ ಮೊದಲೇ... ಇದೊಂದನ್ನು ಪೂರ್ತಿ ಯೋಚಿಸಲಾರದೆ ಅರ್ಧಕ್ಕೆ ಬಿಟ್ಟು, ಮತ್ತೆ ಎತ್ತಿನ ಚಿಂತೆಗೆ ಹೋದೆ. ನನ್ನ ನಾಲಗೆ ಒಣಗಿ ಅಂಟಿಕೊಳ್ಳಬಹುದಿತ್ತು. ಅಂಟಿಕೊಳ್ಳದೆ ಹೇಳಿಬಿಟ್ಟರೆ ಈರಪ್ಪ ನಗಬಹುದಿತ್ತು. ನಗದಿದ್ದರೆ ಪ್ರಶ್ನೆ ಕೇಳಬಹುದಿತ್ತು. ಎಲ್ಲಕ್ಕಿಂತ ಭಯಂಕರವಾದದ್ದೆಂದರೆ, ಪ್ರಶ್ನೆಯನ್ನೂ ಕೇಳದೆ, "ಆತು ಬಿಡು, ನೀ ಹೇಳೂದು ಖರೆ ಐತಿ" ಅಂದುಬಿಡಬಹುದಿತ್ತು. ಆಮೇಲೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಇಷ್ಟೂ ಚಿಂತೆ ಈಗ ಮತ್ತೆ ನೆನಪಾದದ್ದು ಒಂದು ಹಳೆಯ ಶಲ್ಯದಿಂದ. ಮೊನ್ನೆ ನನ್ನ ಹೆಂಡತಿ ರೂತವ್ವ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ತೆಗೆದು ಬಿಸಿಲಿಗೆ ಹರವುತ್ತಿದ್ದಳು. ಶಲ್ಯವನ್ನು ಝಾಡಿಸಿದವಳು ಅದರ ತುದಿ ಹಿಡಿದು ನಿಂತಳು.

"ಏನ್ರಿ, ಇದರ ಚುಂಗಿನ್ಯಾಗ ಇನ್ನೂ ಒಂದ ಗಂಟ ಉಳದೈತಿ. ಏನ ಮರತೀರಿ ನೋಡ್ರಿ."

"ಅದನ್ನ ಬಿಚ್ಚಬ್ಯಾಡ," ಎಂದೆ.

"ಇಷ್ಟ ವರ್ಷದ ಮ್ಯಾಲೆ ಬಿಚ್ಚಿದರ ಏನ ಆಗತೈತಿ?"

ಏನೂ ಆಗುವುದಿಲ್ಲ. ಆದರೆ 'ಏನೂ ಆಗುವುದಿಲ್ಲ' ಎಂಬ ಮಾತನ್ನು ನಂಬಿ ನಾನು ಈ ನಲವತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ನಡೆದವನಲ್ಲ.

ಗಂಟು ಹಾಕುವ ರೂಢಿ ನನಗೆ ಅವ್ವನಿಂದ ಬಂತು. ಅವಳು ಸೆರಗಿಗೆ ಹಾಕುತ್ತಿದ್ದಳು: ಉಪ್ಪು ತರಬೇಕು, ಒಂದು ಗಂಟು, ಅಗಸರವಳಿಗೆ ಬಟ್ಟೆ ಕೊಡಬೇಕು, ಇನ್ನೊಂದು. ಕೆಲಸ ಆದಂತೆ ಬಿಚ್ಚುವಳು. ಸಂಜೆಗೆ ಸೆರಗು ನೆಟ್ಟಗಾಗಿರುತ್ತಿತ್ತು. ನಾನು ಅದೇ ವಿದ್ಯೆಯನ್ನು ಶಲ್ಯಕ್ಕೆ ತಂದೆ. ಆದರೆ ನನ್ನ ಶಲ್ಯ ನೆಟ್ಟಗಾದದ್ದು ಮಾತ್ರ ಯಾರೂ ಕಂಡಿಲ್ಲ. ಯಾವ ಗಂಟು ಯಾವುದಕ್ಕೆ ಎಂಬುದು ಮರೆಯುತ್ತದೆ. ಮರೆತದ್ದನ್ನು ನೆನೆಸಿಕೊಳ್ಳಬೇಕೆಂದು ಇನ್ನೊಂದು ಗಂಟು ಹಾಕುತ್ತೇನೆ. ಸಾಲಿಯ ಹುಡುಗರು ನನ್ನ ಬೆನ್ನ ಹಿಂದೆ 'ಗಂಟಿನ ಮಾಸ್ತರ' ಎನ್ನುತ್ತಾರೆ. ಎದುರಿಗೆ ಏನೆನ್ನುತ್ತಾರೆ ಎಂಬ ಚಿಂತೆ ಇಲ್ಲ. ಎದುರಿಗೆ ಬರುವುದೇ ಕಡಿಮೆ.

ಅಪ್ಪ ಹೀಗಿರಲಿಲ್ಲ. ನಾವು ಆಗ ಮೂಡಲಗಿಯಲ್ಲಿದ್ದೆವು. ಅಪ್ಪ ಹೆಗಲಿಗೆ ಚೀಲ ಹಾಕಿಕೊಂಡು ಸುವಾರ್ತೆಯ ಸಣ್ಣ ಪುಸ್ತಕಗಳನ್ನು ಹಳ್ಳಿಹಳ್ಳಿಗೆ ಒಯ್ದು ಕೊಡುತ್ತಿದ್ದ. ಕೊಂಡರೆ ಕೊಂಡರು, ಬಿಟ್ಟರೆ ಬಿಟ್ಟರು. ಬೈದರೆ ಅಲ್ಲೇ ಕೂತು ರೊಟ್ಟಿ ಬಿಚ್ಚಿ ಉಣ್ಣುತ್ತಿದ್ದ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಾಗ, ಒಂದು ಊರಿನ ಅಗಸಿ ಬಾಗಿಲಲ್ಲಿ ಏಳೆಂಟು ನಾಯಿ ಒಟ್ಟಿಗೆ ಮೈಮೇಲೆ ಬಂದವು. ನಾನು ಅಪ್ಪನ ಧೋತರದೊಳಗೆ ಹೊಕ್ಕೆ. ಅಪ್ಪ, "ಚೊಲೋ ಆತು, ಡಂಗುರ ಹೊಡಸೂ ಕೆಲಸ ಉಳೀತು. ನಾ ಬಂದದ್ದು ಊರಿಗೆಲ್ಲ ಗೊತ್ತಾತು" ಎಂದ. ಅಂಥವನ ಹೊಟ್ಟೆಯಲ್ಲಿ ನಾನು ಹುಟ್ಟಿದೆ. ದೇವರ ಲೀಲೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ದಿನ ಆತನ ಗಮನ ಬೇರೆ ಕಡೆ ಇತ್ತೆಂದು ತೋರುತ್ತದೆ.

ಮೂಡಲಗಿಯ ಕನ್ನಡ ಸಾಲಿಯಲ್ಲಿ ನನ್ನನ್ನು ಬಾಗಿಲ ಹತ್ತಿರ, ಉಳಿದವರಿಂದ ಒಂದು ಮೊಳ ದೂರ ಕೂರಿಸುತ್ತಿದ್ದರು. ಯಾಕೆಂದು ಆಗ ಕೇಳುವ ವಯಸ್ಸಲ್ಲ. ಆಮೇಲೆ ಕೇಳುವ ಅಗತ್ಯ ಬೀಳಲಿಲ್ಲ. ಎರಡನೆಯ ಇಯತ್ತೆಯಲ್ಲಿ ಒಂದು ದಿನ ತುಕ್ಕಾನಟ್ಟಿಯಿಂದ ಬಂದ ಈರಪ್ಪ ತನ್ನ ಪಾಟಿ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ಅವರದು ಲಿಂಗವಂತರ ಮನೆತನ, ತಲೆತಲಾಂತರದಿಂದ ಗೋಡೆ ಕಟ್ಟುವ ಗೌಂಡಿ ಕೆಲಸ. ಮಾಸ್ತರರು ಕಣ್ಣು ಕೆಕ್ಕರಿಸಿ, "ಅಲ್ಯಾಕ ಹ್ವಾದಿಲೇ?" ಎಂದರು.

"ಇಲ್ಲಿ ಗಾಳಿ ಚೊಲೋ ಬರತೈತ್ರಿ," ಎಂದ ಈರಪ್ಪ.

ಅದು ಚಳಿಗಾಲ. ಆದರೆ ಮಾಸ್ತರರಿಗೆ ಹೇಳಲು ಏನೂ ಉಳಿಯಲಿಲ್ಲ.

ಈರಪ್ಪನ ಗುಣವೇ ಅದು. ದೊಡ್ಡ ಮಾತು ಆಡುವವನಲ್ಲ. ಮಾಡಬೇಕಾದದ್ದಕ್ಕೆ ಒಂದು ಸಣ್ಣ, ಯಾರೂ ತೆಗೆದುಹಾಕಲಾಗದ ಕಾರಣ ಹುಡುಕಿ ಇಟ್ಟಿರುತ್ತಿದ್ದ. ನನಗೆ ಓದಲು ಬರುತ್ತಿತ್ತು, ಆದರೆ ಎದ್ದು ನಿಂತು ಓದಲು ಬರುತ್ತಿರಲಿಲ್ಲ. ನಿಂತೊಡನೆ ದನಿ ಗಂಟಲಿನಿಂದ ಕೆಳಗೆ ಇಳಿದು ಎಲ್ಲೋ ಹೊಟ್ಟೆಯಲ್ಲಿ ಅಡಗಿಬಿಡುತ್ತಿತ್ತು. ಮಾಸ್ತರರು ಬೆತ್ತಕ್ಕೆ ಕೈ ಹಾಕುವಷ್ಟರಲ್ಲಿ ಈರಪ್ಪ ನನ್ನ ಕೈಯ ಪುಸ್ತಕ ಕಿತ್ತುಕೊಂಡು, "ಕೊಡಿಲ್ಲಿ, ನಾ ಓದತೇನಿ" ಎಂದು ಶುರುಮಾಡುತ್ತಿದ್ದ. ಅವನ ಓದು ಗೋಡೆ ಕಟ್ಟಿದ ಹಾಗೆ. ಒಂದು ಪದ ಇಟ್ಟು, ಕೂತಿತೋ ಇಲ್ಲವೋ ನೋಡಿ, ಅದರ ಮೇಲೆ ಇನ್ನೊಂದು. ಮಾಸ್ತರರು ಬೆತ್ತ ಮರೆತು ಕೇಳುತ್ತಿದ್ದರು. ಕೊನೆಗೆ ಆದದ್ದೇನು? ನಿಂತು ಓದಲು ಬಾರದ ನಾನು ಗೋಕಾಕದಲ್ಲಿ ಮಾಸ್ತರನಾದೆ. ಓದಬಲ್ಲ ಅವನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಗೌಂಡಿಯ ಕರಣಿ ಹಿಡಿದ.

ನನ್ನ ಚಿಂತೆಯ ವಿಷಯಕ್ಕೆ ಬರುತ್ತೇನೆ. ಅದನ್ನು ಬಿಟ್ಟು ದೂರ ಹೋದರೆ ಅದು ನನ್ನನ್ನು ಹುಡುಕಿಕೊಂಡು ಬರುತ್ತದೆ. ನಮ್ಮ ಸಭೆಯ ಪಾಳಕರು ವಾರಕ್ಕೊಮ್ಮೆ ಪ್ರಾರ್ಥನೆಯಲ್ಲಿ, "ಕಣ್ಣು ನಿತ್ಯದ ಕಡೆಗೆ ಇರಲಿ, ಇವತ್ತಿನದು ಇವತ್ತಿಗೆ ಮುಗಿಯುತ್ತದೆ" ಎಂದು ಹೇಳುತ್ತಿದ್ದರು. ನಾನು ಮನಸಾರೆ ಒಪ್ಪುತ್ತಿದ್ದೆ. ಒಪ್ಪಿಕೊಂಡು ಹೊರಗೆ ಬರುವಷ್ಟರಲ್ಲಿ ನನ್ನ ಚಪ್ಪಲಿ ಯಾರು ಹಾಕಿಕೊಂಡು ಹೋದರೋ ಎಂಬ ಕಡೆ ಕಣ್ಣು ಹೋಗುತ್ತಿತ್ತು. ನಿತ್ಯವನ್ನು ಕುರಿತು ಯೋಚಿಸಲು ಪ್ರಯತ್ನಿಸಿಲ್ಲ ಎಂದಲ್ಲ. ಪ್ರಯತ್ನಿಸಿದೆ. ಆದರೆ ಸ್ವರ್ಗಕ್ಕೆ ಹೋದರೂ ನಾನು ನಾನಾಗಿಯೇ ಹೋಗುವವನಲ್ಲವೇ? ಅಲ್ಲಿ ಗುರುತಿನವರು ಯಾರಾದರೂ ಇರುತ್ತಾರೋ ಇಲ್ಲವೋ. ಅಲ್ಲಿ ಸದಾ ಹಾಡುತ್ತಾರಂತೆ. ನನ್ನ ದನಿ ಒಡಕು. ಅಪ್ಪ ಎದುರಿಗೆ ಬಂದು, "ನೀ ಯಾರಿಗೆ ಹೇಳಿದ್ಯೋ ಮಗನ?" ಎಂದರೆ ಏನು ಹೇಳಲಿ?

ಈ ಕೊನೆಯ ಚಿಂತೆಗೆ ಪರಿಹಾರವೆಂದು ಒಮ್ಮೆ ಪಾಳಕರ ಜೊತೆ ಹುಕ್ಕೇರಿ ಸಂತೆಗೆ ಹೋದೆ. ಅವರು ಹಾಡಿ ಜನ ಕೂಡಿಸುವುದು, ನಾನು ಎರಡು ಮಾತು ಹೇಳುವುದು ಎಂದು ಮಾತಾಗಿತ್ತು. ಜನ ಕೂಡಿದರು. ನಾನು ಮಾಲು ತುಂಬಿದ ಚೀಲ ಹಿಡಿದು ಮುಂದೆ ಬಂದೆ; ಆ ಚೀಲದಲ್ಲಿ ಪುಸ್ತಕಗಳಿಗಿಂತ ಹೆಚ್ಚು ನನ್ನ ಸ್ವಂತದ ಔಷಧಗಳಿದ್ದವು. ಎಲ್ಲಿ ಹೋದರೂ ಅವಿಲ್ಲದೆ ನಾನು ಹೋಗುವವನಲ್ಲ. ಬಾಯಿ ತೆರೆದೆ. ದನಿ ಎಂದಿನಂತೆ ಹೊಟ್ಟೆಗೆ ಇಳಿಯಿತು. ಮುಂದೆ ಕೂತಿದ್ದ ಒಬ್ಬ ಮುದುಕಿ ನನ್ನ ಚೀಲದ ಬಾಯೊಳಗಿನ ಬಾಟಲಿ ನೋಡಿ, "ಯಪ್ಪಾ, ಮೊಣಕಾಲಿಗೆ ಏನರ ಐತೇನೋ?" ಎಂದಳು. ಇತ್ತು. ಕೊಟ್ಟೆ. ಹೇಗೆ ತಿಕ್ಕಬೇಕೆಂದು ಸ್ಪಷ್ಟವಾಗಿ, ನಡುಗದ ದನಿಯಲ್ಲಿ, ಮೊಣಕಾಲು ಹಿಡಿದು ತೋರಿಸಿದೆ. ಪಾಳಕರು ಹಿಂದೆ ನಿಂತು ಆಕಾಶ ನೋಡುತ್ತಿದ್ದರು. ಮರುವಾರ ಮುದುಕಿ ತನ್ನ ಇಬ್ಬರು ತಂಗಿಯರನ್ನು ಕರೆತಂದು 'ಎಣ್ಣಿ ಮಾಸ್ತರ ಎಲ್ಲಿ' ಎಂದು ಕೇಳಿದಳಂತೆ. ಹುಕ್ಕೇರಿಯಲ್ಲಿ ನನ್ನ ಸಾಕ್ಷಿ ಅಷ್ಟೇ: ಆರು ಮೊಣಕಾಲು.

ಗೋಕಾಕದಲ್ಲಿ ನಮ್ಮ ಸಣ್ಣ ಪ್ರಾರ್ಥನಾ ಮಂದಿರದ ಗೋಡೆ ಬಿದ್ದಾಗ ಅದನ್ನು ಕಟ್ಟಲು ಈರಪ್ಪನೇ ಬಂದ. ಒಂದು ತಿಂಗಳು ಕೆಲಸ. ಮಧ್ಯಾಹ್ನದ ಹೊತ್ತಿಗೆ ನಾನು ಸಾಲಿಯಿಂದ ಹೋಗಿ ನೆರಳಲ್ಲಿ ಅವನ ಜೊತೆ ಕೂರುತ್ತಿದ್ದೆ. ನಲವತ್ತು ದಾಟಿದ ನನಗೆ ಪುಸ್ತಕದ ಅಕ್ಷರಗಳು ಇರುವೆಗಳಾಗಿದ್ದ ಕಾಲ ಅದು. ಗೋಕಾಕದ ಸಂತೆಯಲ್ಲಿ ಬಟ್ಟೆ ಹಾಸಿ ಚಾಳೀಸು, ಅಂದರೆ ಓದುವ ಕನ್ನಡಕ, ಮಾರುವವನ ಹತ್ತಿರ ಈರಪ್ಪನೇ ನನ್ನನ್ನು ಕರೆದೊಯ್ದ. ಮಾರುವವನು ಒಂದು ಸೂಜಿ, ಒಂದು ದಾರ ಕೊಟ್ಟು, ಒಂದೊಂದೇ ಚಾಳೀಸು ಮೂಗಿಗೆ ಏರಿಸುತ್ತಾ, "ಪೋಣಸ್ರಿ" ಎನ್ನುತ್ತಿದ್ದ. ಯಾವುದರಲ್ಲಿ ದಾರ ಹೋಗುತ್ತದೋ ಅದು ನಮ್ಮದು. ಏಳನೆಯದರಲ್ಲಿ ಹೋಯಿತು.

"ಏನಂತೋ ಸಾಮ್ಯಾ ನಿನ್ನ ರೋಗ?" ಎಂದ ಈರಪ್ಪ. ನನ್ನ ಹೆಸರು ಸಮುವೇಲ. ಸಾಮ್ಯಾ ಎನ್ನುವವರು ಜಗತ್ತಿನಲ್ಲಿ ಇಬ್ಬರೇ ಇದ್ದರು, ಅವ್ವ ಮತ್ತು ಅವನು.

"ದೂರಿಂದು ಕಾಣತೈತಿ, ಹತ್ತರಿಂದು ಕಾಣೂದಿಲ್ಲ."

"ದೂರಿಂದ ಕಾಣತೈತೇನು? ನೀ ಎಂದರ ಆ ಕಡೆ ನೋಡೀಯೇನು?"

ಕೆಲಸ ಮುಗಿದ ದಿನ ಅವನು ಕಟ್ಟಿದ ಗೋಡೆಗೆ ಬೆನ್ನು ಹಚ್ಚಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಬೇರೇನೋ ಹೇಳುವವನ ಹಾಗೆ ಹೇಳಿದ: "ಗ್ವಾಡಿ ನಾ ಕಟ್ಟೇನಿ. ಒಳಗ ಏನ ಹೇಳತೀರಿ ಅನ್ನೂದು ನನಗ ಗೊತ್ತಿಲ್ಲ. ಕರದಂಟ ಚೊಲೋ ಇದ್ದರ ನನಗ ತಂದ ಕೊಡತಿ. ಕೆಮ್ಮಿಗಿ ಔಷಧ ಸಿಕ್ಕರ ಓಡಿ ಬಂದ ಹೇಳತಿ. ಇದನ್ನ ಮಾತ್ರ ಎಂದೂ ಹೇಳಿಲ್ಲ. ಅಷ್ಟೇನ ಚೊಲೋದಿರಲಿಕ್ಕಿಲ್ಲ ಅಂತ ತಿಳಕೊಂಡ ಬಿಟ್ಟೇನಿ."

ಅವನು ನಕ್ಕ. ನಾನೂ ನಕ್ಕೆ. ಆ ರಾತ್ರಿ ಶಲ್ಯಕ್ಕೆ ಒಂದು ಗಂಟು ಹಾಕಿದೆ.

ಆ ಗಂಟು ಮೂರು ವರ್ಷ ಇತ್ತು. ತೊಳೆದಾಗ ಬಿಚ್ಚುವೆ, ಒಣಗಿದ ಮೇಲೆ ಹಾಕುವೆ. ತುಕ್ಕಾನಟ್ಟಿಗೆ ಹೋದಾಗಲೆಲ್ಲ ಅವನ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಮಳೆ, ಬೆಳೆ, ಸುಣ್ಣದ ಗುಣ ಎಲ್ಲ ಮಾತಾಡಿ ಬರುವೆ. ಆ ಮನೆಯಲ್ಲಿ ನನ್ನ ಜಾಗ ಕಟ್ಟೆ. ಕಟ್ಟೆಯ ಗೂಡಿನಲ್ಲಿ ನನಗೆಂದೇ ಒಂದು ಹಿಡಿಕೆಯ ಕಪ್ಪು, ನೀಲಿ ಗೆರೆಯದು, ಬೋರಲು ಹಾಕಿರುತ್ತಿತ್ತು. ಚಾ ಕುಡಿದು, ತೊಳೆದು, ಮತ್ತೆ ಬೋರಲು ಹಾಕಿ ಬರುವುದು. ಗುರಪ್ಪ ನಿಡಸೋಸಿಯ ಮಠಕ್ಕೆ ನಡೆದುಕೊಳ್ಳುವವನು, ಗಟ್ಟಿ ಮನುಷ್ಯ. ನನ್ನನ್ನು ಎಂದೂ ಬೈದವನಲ್ಲ, ಎಂದೂ ಒಳಗೆ ಕರೆದವನೂ ಅಲ್ಲ. ನನಗೆ ಬೇಸರವಿತ್ತೇ? ಇತ್ತೋ ಏನೋ. ಕಪ್ಪು ಒಡೆದರೆ ಏನು ಗತಿ ಎಂಬ ಚಿಂತೆಯಲ್ಲಿ ಬೇಸರಕ್ಕೆ ಜಾಗ ಸಿಕ್ಕಿರಲಿಲ್ಲ.

ಯುದ್ಧದ ಕಾಲ, ಸೀಮೆಎಣ್ಣೆ ಸಿಗದ ದಿನಗಳು. ಬೆಲ್ಲ ಮಾರಲು ಗೋಕಾಕಕ್ಕೆ ಬಂದ ತುಕ್ಕಾನಟ್ಟಿಯ ಒಬ್ಬ ಹಿರಿಯರು ಸಾಲಿಯ ಮುಂದೆ ಚಕ್ಕಡಿ ನಿಲ್ಲಿಸಿ ಹೇಳಿದರು: ಈರಪ್ಪನಿಗೆ ಕೆಮ್ಮು ಬಹಳವಾಗಿದೆ, ಕಲ್ಲಿನ ಧೂಳು ಸುಣ್ಣದ ಧೂಳು ಎದೆಗೆ ಇಳಿದಿದೆ, ಎದ್ದು ಕೂರಲು ಆಗುವುದಿಲ್ಲ, ದೊಡ್ಡ ಡಾಕ್ಟರು ಕೈ ಚೆಲ್ಲಿಬಿಟ್ಟರು. "ನಾಳಿ ಹೊಳ್ಳಿ ಹೊಂಟೇನ್ರಿ ಮಾಸ್ತರ. ಬರ್ತಿದ್ದರ ಬರ್ರಿ."

ಆ ಸಂಜೆ ನಾನು ತಯಾರಿಗೆ ಕೂತೆ. ಬೆಳಿಗ್ಗೆ ಏನನ್ನೂ ಮರೆಯಬಾರದು. ಚಾಳೀಸು ಏರಿಸಿಕೊಂಡು, ಶಲ್ಯ ತೊಡೆಯ ಮೇಲೆ ಹಾಸಿಕೊಂಡು, ಒಂದೊಂದಕ್ಕೆ ಒಂದೊಂದು ಗಂಟು ಹಾಕಿದೆ. ಛತ್ರಿಗೆ ಒಂದು. ಹೊಟ್ಟೆಯ ಔಷಧಕ್ಕೆ ಒಂದು. ಮೊಣಕಾಲೆಣ್ಣೆಗೆ ಒಂದು. ಕಡ್ಡಿಪೆಟ್ಟಿಗೆ, ಲಿಂಬೆಹಣ್ಣು, ಇನ್ನೊಂದು ಧೋತರ, ನಾಯಿಗೆ ಒಂದು ಕೋಲು. ಬುತ್ತಿ. ಈರಪ್ಪನಿಗೆ ಕರದಂಟು. ಹತ್ತನೆಯದು ಪುಸ್ತಕಕ್ಕೆ, ಅಪ್ಪನ ಚೀಲದಲ್ಲಿ ಉಳಿದಿದ್ದ, ಮೂಲೆ ಮಡಿಚಿದ ಸುವಾರ್ತೆಯ ಸಣ್ಣ ಪುಸ್ತಕ. ಹನ್ನೊಂದನೆಯದು ಹಳೆಯದೇ: ಹೇಳುವುದು. ಅದನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಗಿ ಮಾಡಿದೆ. ಪುಸ್ತಕದಲ್ಲಿ ಒಂದು ಪುಟ ಗುರುತು ಹಾಕಿದೆ. ಕರ್ತನು ಶಿಷ್ಯರನ್ನು ಬಿಟ್ಟುಹೋಗುವ ಮುಂಚೆ, ತಂದೆಯ ಮನೆಯ ವಿಷಯ, ಅಲ್ಲಿ ಎಷ್ಟೊಂದು ಕೋಣೆಗಳಿವೆ, ತಾನು ಹೋಗಿ ಅವರಿಗಾಗಿ ಜಾಗ ಮಾಡುತ್ತೇನೆ ಎಂದು ಸಮಾಧಾನ ಹೇಳುವ ಭಾಗ. ಸ್ವಂತ ಮಾತು ಬಾರದಿದ್ದರೆ ಇದನ್ನಾದರೂ ಓದಬಹುದು. ಕೂತು ಓದಬಹುದಲ್ಲ, ನಿಲ್ಲಬೇಕಾಗಿಲ್ಲ.

ಬೆಳಿಗ್ಗೆ ಗಂಟು ಮುಟ್ಟಿ ಮುಟ್ಟಿ ಚೀಲ ತುಂಬಿದೆ. ಹತ್ತು ಸಾಮಾನು, ಹತ್ತು ಗಂಟು. ರೂತವ್ವ ನಗುತ್ತಾ, "ಕಾಶಿಗೆ ಹೊಂಟೀರೇನು?" ಎಂದಳು.

ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಇದು ನನಗೆ ಯಾವಾಗಲೂ ಅನುಮಾನದ ಸಂಗತಿ. ಹೊಳೆ ಮೊಣಕಾಲ ಮಟ್ಟ ಹರಿಯುತ್ತಿತ್ತು. ಎತ್ತುಗಳು ನನ್ನನ್ನು ತಿರುಗಿಯೂ ನೋಡಲಿಲ್ಲ. ತುಕ್ಕಾನಟ್ಟಿಯ ಓಣಿಯಲ್ಲಿ ಕೋಲು ಹಿಡಿದು ಇಳಿದೆ. ಕಂದು ನಾಯಿ ಸತ್ತು ಎರಡು ವರ್ಷವಾಗಿತ್ತಂತೆ.

ಬಾಗಿಲಲ್ಲಿ ಗುರಪ್ಪ ನಿಂತಿದ್ದ. ನಾನು, "ಶರಣ್ರಿ ಅಣ್ಣಾರ," ಎಂದು ನೇರ ಕಟ್ಟೆಯ ಕಡೆ ನಡೆದೆ.

"ಅಲ್ಲೆಲ್ಲಿ ಹೊಂಟ್ರಿ?" ಎಂದ. "ಅಂವಗ ಎದ್ದ ಹೊರಗ ಬರಾಕ ಆಗೂದಿಲ್ಲ. ಒಳಗ ಬರ್ರಿ."

ಮೂವತ್ತೈದು ವರ್ಷ ದಾಟಿದ ಗೆಳೆತನದಲ್ಲಿ ಆ ಹೊಸ್ತಿಲನ್ನು ನಾನು ದಾಟಿದ್ದು ಅದೇ ಮೊದಲು. ಎಡಗಾಲೋ ಬಲಗಾಲೋ ಎಂಬ ಚಿಂತೆಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ಎಡವಿದೆ.

ಪಡಸಾಲೆಯಲ್ಲಿ ಈರಪ್ಪ ಗೋಡೆಗೆ ದಿಂಬು ಆನಿಸಿ ಒರಗಿದ್ದ. ಆ ದೊಡ್ಡ ಕೈಗಳು ಕಂಬಳಿಯ ಮೇಲೆ ಯಾರೋ ಬಿಟ್ಟುಹೋದ ಸಾಮಾನಿನಂತೆ ಬಿದ್ದಿದ್ದವು. ನನ್ನ ಚೀಲ ನೋಡಿ, "ಏನೋ ಸಾಮ್ಯಾ, ಅಂಗಡಿ ಇಡಾಕ ಬಂದ್ಯೇನು?" ಎಂದ. ದನಿ ಅರ್ಧವಾಗಿತ್ತು; ಚೇಷ್ಟೆ ಪೂರ್ತಿ ಇತ್ತು. ಗುರಪ್ಪ ಕಂಬಕ್ಕೆ ಒರಗಿ ಕೂತ. ಅವನು ಏಳುವ ಲಕ್ಷಣ ಕಾಣಲಿಲ್ಲ.

ಕರದಂಟು ಕೊಟ್ಟೆ. ಔಷಧ ತೋರಿಸಿದೆ. ಮಳೆಯ ಮಾತಾಡಿದೆ. ಬೆಲ್ಲದ ಮಾತಾಡಿದೆ. ಸುಣ್ಣದ ಮಾತು ಬಂದು, ಅದು ಬರಬಾರದಿತ್ತೆಂದು ಮತ್ತೆ ಮಳೆಗೆ ಹೋದೆ. ಈರಪ್ಪ ಕಣ್ಣು ಮುಚ್ಚಿದ. ಈಗ ಹೇಳದಿದ್ದರೆ ಇನ್ನಿಲ್ಲ ಎಂಬುದು ನನ್ನಂಥವನಿಗೂ ತಿಳಿಯಿತು. ಶಲ್ಯದ ಹನ್ನೊಂದನೆಯ ಗಂಟನ್ನು ಹಿಡಿದುಕೊಂಡು ಹೇಳಿದೆ:

"ಈರಪ್ಪಾ, ಅಂದ ನೀ ಹೇಳಿದ್ದಿ ನೋಡು. ಒಳಗ ಏನ ಹೇಳತೀರಿ ಗೊತ್ತಿಲ್ಲ ಅಂತ."

ಅವನು ಕಣ್ಣು ತೆರೆದ. "ಮೂರ ವರ್ಷಾತು. ಬಂತೇನ ಮುಹೂರ್ತ?"

ಗುರಪ್ಪನ ಕಡೆ ನೋಡದೆ ಪುಸ್ತಕ ತೆಗೆದೆ. ಗುರುತಿನ ಪುಟ ಬಿಡಿಸಿದೆ. ಎದೆಯ ಕಿಸೆ ಮುಟ್ಟಿಕೊಂಡೆ. ಎಡಗಡೆಯ ಕಿಸೆ. ಚೀಲ. ಚೀಲದ ತಳ. ಛತ್ರಿ, ಎಣ್ಣೆ, ಧೋತರ, ಲಿಂಬೆಹಣ್ಣು ಎಲ್ಲ ಪಡಸಾಲೆಯ ತುಂಬ ಹರಡಿದವು. ಪುಸ್ತಕವನ್ನು ಕಣ್ಣಿನಿಂದ ದೂರ ಒಯ್ದೆ; ಕೈಯ ಉದ್ದ ಮುಗಿಯಿತು, ಅಕ್ಷರ ಬರಲಿಲ್ಲ. ಇರುವೆ, ಎಲ್ಲ ಇರುವೆ.

ಗಂಟು ಹಾಕುವಾಗ ಚಾಳೀಸು ನನ್ನ ಮೂಗಿನ ಮೇಲೆ ಇತ್ತು. ಮೂಗಿನ ಮೇಲೆ ಇದ್ದದ್ದಕ್ಕೆ ಗಂಟು ಯಾಕೆ ಹಾಕಬೇಕು?

"ಚಾಳೀಸ ಎಲ್ಲೈತೋ?" ಎಂದ ಈರಪ್ಪ.

"ಗೋಕಾಕದಾಗ. ಗೂಡಿನ್ಯಾಗ."

ಅವನು ನಗಲು ಶುರುಮಾಡಿದ. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಒಳಗಿನಿಂದ ಅವನ ಹೆಂಡತಿ ನೀಲವ್ವ ಗಾಬರಿಯಾಗಿ ಬಂದಳು. ಅವನು ಕಣ್ಣೊರೆಸಿಕೊಂಡು ಕೈ ಚಾಚಿದ.

"ಕೊಡಿಲ್ಲಿ, ನಾ ಓದತೇನಿ."

"ನೀ ಓದಬ್ಯಾಡ, ದಮ್ಮ ಹತ್ತತೈತಿ," ಎಂದ ಗುರಪ್ಪ.

"ಹತ್ತಿದರ ನಿಂದರತೇನಿ ತಗೋ."

ಓದಿದ. ಒಂದು ಪದ ಇಟ್ಟು, ಕೂತಿತೋ ನೋಡಿ, ಮೇಲೆ ಇನ್ನೊಂದು. ನಡುನಡುವೆ ಉಸಿರಿಗೆ ನಿಂತ. ಮನೆಯ ಕೋಣೆಗಳ ಮಾತು ಬಂದಲ್ಲಿ ಸುಮ್ಮನೆ ನಿಂತುಬಿಟ್ಟ. ಉಸಿರಿಗಲ್ಲ. ಅದು ಅವನ ಕಸುಬಿನ ಮಾತು.

"ಖೋಲಿ ಭಾಳ ಅದಾವಂತ," ಎಂದ. "ಯಾವ ಕಲ್ಲು, ಏನ ಮಾಳಿಗಿ, ಒಂದೂ ಬರದಿಲ್ಲಲ್ಲೋ."

"ಇಲ್ಲ."

"ಹೊರಗ ಕಟ್ಟಿ ಐತೇನು?"

ನನಗೆ ಒಮ್ಮೆಗೇ ತಿಳಿಯಲಿಲ್ಲ. ಅವನು ಪುಟದ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಮತ್ತೊಮ್ಮೆ ನೋಡಿದ. "ಕಟ್ಟಿ ಇದ್ದಂಗ ಕಾಣೂದಿಲ್ಲ. ಎಲ್ಲಾರೂ ಒಳಗ."

ಗುರಪ್ಪ ಮಾಳಿಗೆಯ ಜಂತಿಗಳನ್ನು ಎಣಿಸುತ್ತಿದ್ದ. ಇನ್ನೇನು, ಈಗ ಬರುತ್ತದೆ ಎಂದು ನಾನು ಹೆಗಲು ಕುಗ್ಗಿಸಿ ಕೂತೆ. ಅವನು ಜಂತಿಗಳಿಂದ ಕಣ್ಣು ತೆಗೆಯದೆ, "ಮುಂದ ಓದು," ಎಂದ.

ಈರಪ್ಪ ನನ್ನ ಗುರುತನ್ನು ದಾಟಿ ಪುಟದ ಕೊನೆಯವರೆಗೆ ಓದಿದ. ಆಮೇಲೆ ಪುಸ್ತಕವನ್ನು ಎದೆಯ ಮೇಲೆ, ಲಿಂಗದ ಪಕ್ಕದಲ್ಲಿ, ಬೋರಲು ಇಟ್ಟುಕೊಂಡು ಕೇಳಿದ: "ಇದನ್ನ ನೀ ಖರೇನ ನಂಬೀಯೇನೋ ಸಾಮ್ಯಾ?"

ಮೂರು ವರ್ಷ ನಾನು ತಯಾರಿಸಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ.

"ನಂಬೇನಿ," ಎಂದೆ.

"ಮತ್ತ ಇಷ್ಟ್ಯಾಕ ಅಂಜತಿ?"

"ಅಂಜಿಕಿನೂ ಐತಿ. ನಂಬಿಗಿನೂ ಐತಿ. ಎರಡೂ ಕೂಡೇ ಅದಾವ."

ಅವನು ಗೋಡೆ ನೆಟ್ಟಗಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ ನನ್ನನ್ನು ನೋಡಿದ. "ಹಂಗಾರ ಖರೆ ಇರಬೇಕು," ಎಂದ. "ನಿನ್ನಂಥಾಂವನ ಕೈಯಾಗ ಇಷ್ಟ ವರ್ಷ ತಡದೈತಿ."

ನೀಲವ್ವ ಚಾ ತಂದಳು. ಅಣ್ಣತಮ್ಮಂದಿರಿಗೆ ಹಿತ್ತಾಳೆಯ ವಾಟಗಾ, ನನಗೆ ಕಟ್ಟೆಯ ಗೂಡಿನಿಂದ ತೊಳೆದು ತಂದ ನೀಲಿ ಗೆರೆಯ ಕಪ್ಪು. ಈರಪ್ಪ ಕೈ ಮುಂದೆ ಮಾಡಿ ಕಪ್ಪು ತೆಗೆದುಕೊಂಡ.

"ಇದು ನನಗಿರಲಿ. ಕಿವಿ ಐತಿ, ಹಿಡ್ಯಾಕ ಸರಳ. ನನ್ನ ವಾಟಗಾ ಅವಗ ಕೊಡು."

ನೀಲವ್ವ ಭಾವನ ಮುಖ ನೋಡಿದಳು. ಗುರಪ್ಪನಿಗೆ ಹೇಳಲು ಏನೂ ಉಳಿದಿರಲಿಲ್ಲ. ವಾಟಗಾ ಬಹಳ ಸುಡುತ್ತಿತ್ತು. ನಾನು ಕೆಳಗೆ ಇಡಲಿಲ್ಲ.

ಈರಪ್ಪ ಮುಂದೆ ಏಳು ವಾರ ಇದ್ದ. ಅವನು ಏನು ನಂಬಿದ, ಎಷ್ಟು ನಂಬಿದ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ಪಾಳಕರು ಕೇಳಿದಾಗಲೂ ಇದನ್ನೇ ಹೇಳಿದೆ. ಲಿಂಗವಂತರ ಪದ್ಧತಿಯಂತೆ ಈರಪ್ಪನನ್ನು ಕೂರಿಸಿ ಮಣ್ಣು ಕೊಟ್ಟರು. ನಾನೂ ಒಂದು ಹಿಡಿ ಹಾಕಿದೆ. ಬರುವಾಗ ನೀಲವ್ವ, ನಾನು ಅವನ ಹತ್ತಿರವೇ ಬಿಟ್ಟುಬಂದಿದ್ದ ಪುಸ್ತಕ ತಂದುಕೊಟ್ಟಳು. "ದಿನಾ ಓದತಿದ್ದರು. ದನಿ ಹೋದ ಮ್ಯಾಲೆ ದೊಡ್ಡಾವರು ಓದಿ ಹೇಳತಿದ್ದರು," ಎಂದಳು. ದೊಡ್ಡವರೆಂದರೆ ಗುರಪ್ಪ. ಪುಸ್ತಕದಲ್ಲಿ ನನ್ನ ಗುರುತಿನ ಪುಟ ದಾಟಿ ಎಷ್ಟೋ ಮುಂದೆ, ಕೊನೆಗೆ ಎರಡು ಪುಟ ಉಳಿದಿರುವಲ್ಲಿ, ಗೌಂಡಿಯ ತೂಗುಗುಂಡಿನ ದಾರ ಇಟ್ಟಿತ್ತು. ಅಪ್ಪ ಎದುರಿಗೆ ಬಂದು ಕೇಳಿದರೆ ನಾನು ಏನು ಹೇಳಲಿ ಎಂಬ ಚಿಂತೆ ನನಗೆ ಈಗಲೂ ಇದೆ. ಆದರೆ ಅಲ್ಲಿ ಗುರುತಿನವರು ಇರುತ್ತಾರೋ ಇಲ್ಲವೋ ಎಂಬ ಚಿಂತೆ ಅಷ್ಟಾಗಿ ಇಲ್ಲ. ಯಾರಾದರೊಬ್ಬರು ಬಾಗಿಲ ಹತ್ತಿರ, ಗಾಳಿ ಚೆನ್ನಾಗಿ ಬರುವಲ್ಲಿ, ಜಾಗ ಹಿಡಿದಿರುತ್ತಾರೆ.

ಆ ದಿನ ಓದು ಕೇಳಿ ಹೊರಟವನು ಬೇರೊಂದು ಚಕ್ಕಡಿಯಲ್ಲಿ ಕೂತು ಒಂದೊಂದೇ ಗಂಟು ಬಿಚ್ಚುತ್ತ ಬಂದೆ. ಛತ್ರಿ, ಎಣ್ಣೆ, ಕೋಲು, ಕರದಂಟು. ಹತ್ತು ಬಿಚ್ಚಿದವು. ಹನ್ನೊಂದನೆಯದು ಹಲ್ಲು ಹಾಕಿ ಬಿಗಿದದ್ದು. ಎಲ್ಲಿ ಹಿಡಿದು ಎಳೆಯಬೇಕೆಂದು ಕಣ್ಣಿಗೆ ಕಾಣಲಿಲ್ಲ. ಹಾಗೇ ಬಿಟ್ಟೆ.

ಗೋಕಾಕ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ರೂತವ್ವ ಬಾಗಿಲಲ್ಲಿ ಕಾಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಏನರ ಎಡವಟ್ಟ ಆತೇನ್ರಿ?"

ನಾನು ನೆನೆಸಿಕೊಂಡೆ. ಅಚ್ಚು ಗಟ್ಟಿಯಾಗಿತ್ತು. ಹೊಳೆ ಶಾಂತವಾಗಿತ್ತು. ಹೊಟ್ಟೆ ಕೆಟ್ಟಿರಲಿಲ್ಲ. ಗುರಪ್ಪ ಬೈದಿರಲಿಲ್ಲ.

"ಏನಿಲ್ಲ," ಎಂದೆ. "ಚಾಳೀಸ ಬಿಟ್ಟ ಹೋಗಿದ್ದೆ. ಅಷ್ಟ."